ಯಾವ ಸಿಲಿಂಡರ್, ಯಾವಾಗ? ಪಿಕಪ್ ಗಾಡಿಯ ಮಿಸ್ಸಿಂಗ್ ಹಿಡಿಯುವ ಬಗೆ

ದಾವಣಗೆರೆಯಲ್ಲಿ ಪಿಕಪ್ ಗಾಡಿಗಳ ಮಾಲೀಕರು, ಡ್ರೈವರ್‌ಗಳು ಮತ್ತು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟ ಹಾಗೇ ಇಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಂಜಿನ್‌ನ ಒಂದು ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದೆ ಏಟು ತಪ್ಪೋದಕ್ಕೆ ಮಿಸ್ಸಿಂಗ್ ಅಂತೀವಿ. ಗಾಡಿ ಮಿಸ್ಸಿಂಗ್ ಹೊಡೆಯುತ್ತೆ ಅಂತ ನಮ್ಮ ಹತ್ತಿರ ಬರುವ ಹೊತ್ತಿಗೆ ಬಹಳ ಸಲ ಅದಕ್ಕೆ ಎರಡು ಮೂರು ಕೈ ಬಿದ್ದಿರುತ್ತೆ. ಡೀಸೆಲ್ ಫಿಲ್ಟರ್ ಹೊಸದು, ಏರ್ ಫಿಲ್ಟರ್ ಹೊಸದು, ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್ ಬಿಚ್ಚಿ ರಿಪೇರಿ ಮಾಡಿಸಿ ಹಾಕಿದ್ದೂ ಆಗಿರುತ್ತೆ. ಬಿಲ್ಲು ಕಿಸೆಯಲ್ಲಿದೆ, ಮಿಸ್ಸಿಂಗ್ ಮಾತ್ರ ಇದ್ದಲ್ಲೇ ಇದೆ. ಇದರಲ್ಲಿ ಹೆಚ್ಚಿನ ಸಲ ಯಾರೂ ಮೋಸ ಮಾಡಿರಲ್ಲ, ಅದನ್ನೂ ಹೇಳಬೇಕು. ಹುಡುಕದೆ ಬದಲಾಯಿಸಿರುತ್ತಾರೆ, ಅಷ್ಟೇ. ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಮಿಸ್ ಆಗುತ್ತಿರುವುದು ಯಾವ ಸಿಲಿಂಡರ್? ಯಾವಾಗ ಮಿಸ್ ಆಗುತ್ತೆ? ಮೊದಲನೆಯದನ್ನು ಮೆಕ್ಯಾನಿಕ್ ಹುಡುಕಿಕೊಳ್ಳಬೇಕು. ಎರಡನೆಯದರ ಉತ್ತರ ಡ್ರೈವರ್ ಹತ್ತಿರ ಮಾತ್ರ ಇರುತ್ತೆ. ಇವತ್ತು ಇದೊಂದೇ ವಿಷಯ ಹಿಡಿದುಕೊಂಡು ಮಾತಾಡ್ತೀನಿ.

ಇಂಜಿನ್ ಒಳಗಿನ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರ್‌ನಲ್ಲಿ ಒಂದು ಸಲ ಇಂಧನ ಉರಿಯುತ್ತೆ. ಸ್ಲೋದಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಅಂದುಕೊಳ್ಳಿ, ಒಂದೊಂದು ಸಿಲಿಂಡರ್‌ಗೆ ನಿಮಿಷಕ್ಕೆ 400 ಸಲ ಆಯಿತು. ನಾಲ್ಕು ಸಿಲಿಂಡರ್‌ನ ಹೆಚ್ಚಿನ ಇಂಜಿನ್‌ಗಳಲ್ಲಿ 1-3-4-2 ಅಂತ ಸರದಿ ನಡೆಯುತ್ತೆ. ಆ ಸರದಿಯಲ್ಲಿ ಒಂದು ಉರಿಯದೇ ಹೋದರೆ, ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಹೆಗಲು ಜಾರಿಸಿದ ಹಾಗೆ, ಉಳಿದ ಮೂರೂ ಅದರ ಭಾರ ಎಳೆಯಬೇಕು. ಕುಲುಕಾಟ ಬರೋದು ಅದಕ್ಕೇ. 2005ರಲ್ಲಿ ಬಂದ ಮೊದಲನೇ ಟಾಟಾ ಏಸ್ ನೆನಪಿದೆಯಲ್ಲ, 702 ಸಿಸಿ, ಎರಡೇ ಸಿಲಿಂಡರ್. ಅದರಲ್ಲಿ ಒಂದು ಸತ್ತರೆ ಲೋಡ್ ಇದ್ದ ಗಾಡಿ ಜಾಗ ಬಿಟ್ಟು ಕದಲೋದೇ ಕಷ್ಟ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಮಾತ್ರ ಒಂದು ಸತ್ತರೂ ಹೇಗೋ ಓಡುತ್ತೆ. ಓಡುತ್ತಲ್ಲ ಅಂತ ನಾವೂ ಓಡಿಸ್ತೀವಿ.

ಉರಿಯೋದಕ್ಕೆ ಪೆಟ್ರೋಲ್ ಗಾಡಿಗೆ ಮೂರು ಬೇಕು: ಗಾಳಿ-ಪೆಟ್ರೋಲ್ ಸರಿಯಾದ ಪ್ರಮಾಣದಲ್ಲಿ, ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಅದನ್ನು ಒತ್ತೋದು), ಸರಿಯಾದ ಹೊತ್ತಿಗೆ ಕಿಡಿ. ಡೀಸೆಲ್‌ನಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಅಲ್ಲಿ ಕಂಪ್ರೆಷನ್ ಮತ್ತು ನಾಝಲ್ ಸಿಂಪಡಿಸುವ ರೀತಿ ಎರಡೇ ದೊಡ್ಡವು.

ಅದಕ್ಕೂ ಮುಂಚೆ ಇನ್ನೊಂದು. ಗಾಡಿ ನಡುಗಿದ್ದೆಲ್ಲ ಮಿಸ್ಸಿಂಗ್ ಅಲ್ಲ. ಇಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಸ್ಲೋದಲ್ಲಿ ಸ್ಟಿಯರಿಂಗ್ ನಡುಗುತ್ತೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಸವೆದಿದ್ದರೆ, ಸೆಂಟರ್ ಬೇರಿಂಗ್ ಹೋಗಿದ್ದರೆ ಒಂದು ಸ್ಪೀಡಿಗೆ ಬಂದಾಗ ಗಾಡಿ ಅಲ್ಲಾಡುತ್ತೆ. ಕ್ಲಚ್ ಪ್ಲೇಟ್ ಸುಟ್ಟಿದ್ದರೆ ಗಾಡಿ ಎತ್ತುವಾಗ ಮಾತ್ರ ಜರ್ಕ್. ಬೇರೆ ಮಾಡೋದು ಸುಲಭ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ರೇಸ್ ಕೊಡಿ. ನಡುಕ ರೇಸ್ ಜೊತೆ ಏರಿಳಿದರೆ ಇಂಜಿನ್ ಕಡೆ ನೋಡಿ. ನಿಂತಾಗ ಏನೂ ಇಲ್ಲ, ರಸ್ತೆಯಲ್ಲಿ ಚಕ್ರದ ಸ್ಪೀಡಿನ ಜೊತೆ ಬರುತ್ತೆ ಅಂದರೆ ಗಾಡಿ ಕೆಳಗೆ ಮಲಗಿ ನೋಡಿ. ಸೈಲೆನ್ಸರ್ ಹಿಂದೆ ನಿಂತು ಕಿವಿ ಕೊಟ್ಟರೂ ಗೊತ್ತಾಗುತ್ತೆ. ಹೊಗೆ ಒಂದೇ ಸಮ ಬರುತ್ತಿದ್ದು ನಡುನಡುವೆ ಒಂದು ಏಟು ತಪ್ಪಿದರೆ ಅದು ನಿಜವಾದ ಮಿಸ್ಸಿಂಗ್.

ಈಗ ಡ್ರೈವರ್ ಹತ್ತಿರ ಕೇಳಬೇಕಾದ್ದು. ನಮ್ಮ ಹುಡುಗರಿಗೆ ನಾನು ಬಯ್ಯೋದು ಈ ವಿಷಯಕ್ಕೇ. ಗಾಡಿ ಬಂದ ತಕ್ಷಣ ಬಾನೆಟ್ ಎತ್ತುತ್ತಾರೆ, ಡ್ರೈವರನ್ನು ಟೀ ಕುಡಿಯೋಕೆ ಕಳಿಸ್ತಾರೆ. ಆ ಮನುಷ್ಯ ದಿನಾ ಅದೇ ಸೀಟಿನ ಮೇಲೆ ಕೂತಿರ್ತಾನೆ, ಅವನಿಗೆ ಗೊತ್ತಿರುವಷ್ಟು ಯಾವ ಸ್ಕ್ಯಾನರ್‌ಗೂ ಗೊತ್ತಿಲ್ಲ. ಅವನಿಗೆ ಕೇಳುವ ರೀತಿಯಲ್ಲಿ ಕೇಳಬೇಕು, ಅಷ್ಟೇ. "ಏನಾಗ್ತತಿ ಅಣ್ಣ?" ಅಂದರೆ "ಪಿಕಪ್ ಇಲ್ಲ ಸಾರ್, ಕೆಮ್ತತಿ" ಅಂತಾನೆ. ಅದರಿಂದ ಏನೂ ಸಿಗಲ್ಲ. "ಬೆಳಿಗ್ಗೆ ಹೊಡೆದಾಗ ಹೆಂಗಿರ್ತತಿ? ಬಿಸಿ ಆದ ಮೇಲೆ? ಖಾಲಿ ಗಾಡಿಗೂ ಬರ್ತತೋ, ಲೋಡಿಗೆ ಮಾತ್ರನೋ?" ಅಂತ ಕೇಳಿ.

ಬೆಳಿಗ್ಗೆ ಮಾತ್ರ ಮಿಸ್ ಹೊಡೆದು, ಬಿಳಿ ಹೊಗೆ ಉಗುಳಿ, ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ ಅಂದರೆ, ಅದೂ ಧನುರ್ಮಾಸದ ಚಳಿಯಲ್ಲಿ ಜಾಸ್ತಿ ಅಂದರೆ, ಡೀಸೆಲ್ ಗಾಡಿಯಲ್ಲಿ ತಣ್ಣನೆ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಹೋಗಿರಬಹುದು, ಕಂಪ್ರೆಷನ್ ಕಡಿಮೆ ಇರಬಹುದು, ಇಲ್ಲಾ ರಾತ್ರಿ ನಿಂತಾಗ ಡೀಸೆಲ್ ಲೈನಿಗೆ ಗಾಳಿ ಹಿಡಿಯುತ್ತಿರಬಹುದು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಶುರುವಾದರೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್, ಸೆನ್ಸರ್, ಇಲ್ಲಾ ವಾಲ್ವ್ ಒತ್ತಿ ತೆರೆಯುವ ಟ್ಯಾಪೆಟ್ ಟೈಟಾಗಿದೆ. ಪೆಟ್ರೋಲ್ ಗಾಡಿ ಸ್ಲೋದಲ್ಲಿ ಮಿಸ್ ಹೊಡೆದು ರೇಸ್ ಕೊಟ್ಟರೆ ಸರಿಯಾದರೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಹರಿದ ವ್ಯಾಕ್ಯೂಮ್ ಪೈಪ್ ನೋಡಿ. ಸ್ಲೋದಲ್ಲಿ ಚೆನ್ನಾಗಿದ್ದು, ಜಗಳೂರು ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ಏರು ಹತ್ತುವಾಗ ಮಾತ್ರ ಜಗ್ಗಿದರೆ, ಪೆಟ್ರೋಲ್‌ನಲ್ಲಿ ಕಿಡಿ ಸಾಲುತ್ತಿಲ್ಲ, ಡೀಸೆಲ್ ಗಾಡಿಯಲ್ಲಿ ಡೀಸೆಲ್ ಸಾಲುತ್ತಿಲ್ಲ. ಗಾಡಿ ತೊಳೆಸಿದ ಮರುದಿನ ಶುರುವಾಗಿದ್ದರೆ? ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿರುತ್ತೆ. ಬೇರೆ ಬಂಕಿನಲ್ಲಿ ಎಣ್ಣೆ ಹಾಕಿಸಿದ ಮೇಲೆ, ಕ್ಯಾನಿನಲ್ಲಿ ತಂದು ಸುರಿದ ಮೇಲೆ ಶುರುವಾಗಿದ್ದರೆ ಮೊದಲು ಫಿಲ್ಟರ್ ಕೆಳಗಿನ ನೀರು ಬಿಡುವ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳಕ್ಕೆ ಇಳಿದು ಗೆರೆ ಕಾಣುತ್ತೆ. ಖರ್ಚು ಏನೂ ಇಲ್ಲ.

ಹೊಗೆಯ ಬಣ್ಣವೂ ಕೇಳಿ. ಕಪ್ಪು ಅಂದರೆ ಇಂಧನ ಹೆಚ್ಚು, ಇಲ್ಲಾ ಗಾಳಿ ಕಡಿಮೆ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿಯಲ್ಲಿ ಎರಡು ಜಾತಿ ಇದೆ, ಅಲ್ಲಿ ಬಹಳ ಜನ ಎಡವುತ್ತಾರೆ. ಕಣ್ಣು ಉರಿಯುವ, ಘಾಟು ಹೊಡೆಯುವ ಬಿಳಿ ಹೊಗೆ ಉರಿಯದೆ ಹೊರಬಂದ ಡೀಸೆಲ್. ಕಣ್ಣು ಉರಿಸದ, ಸ್ವಲ್ಪ ಸಿಹಿ ವಾಸನೆ ಇರುವ ಬಿಳಿ ಹೊಗೆ ಇಂಜಿನ್ ತಣ್ಣಗಿಡುವ ಕೂಲೆಂಟ್‌ನ ಆವಿ. ಎರಡನೆಯದಾದರೆ ನಾಝಲ್ ಮುಟ್ಟಬೇಡಿ, ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ಹೋಗಿ, ಗಾಡಿ ಓಡಿಸೋದೂ ಬೇಡ.

ಇನ್ನು ಯಾವ ಸಿಲಿಂಡರ್ ಅನ್ನೋದು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಈಗಿನ ಗಾಡಿಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತೆ, ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತೆ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೆಯದು, ಹೀಗೆ. ಪಿ0300 ಅಂದರೆ ಒಂದೇ ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಗಾಡಿಯ ಕಂಪ್ಯೂಟರ್ ಸಿಲಿಂಡರ್ ಒಳಗೆ ಇಣುಕಿ ನೋಡಿ ಇದನ್ನು ಹೇಳ್ತಿಲ್ಲ. ಕ್ರ್ಯಾಂಕ್ ತುದಿಯಲ್ಲಿ ಹಲ್ಲಿನ ಚಕ್ರ ಇದೆ, ಬಹಳ ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡು ಬಿಟ್ಟು 58. ಒಂದು ಸಿಲಿಂಡರ್ ಸರಿಯಾಗಿ ತಳ್ಳದಿದ್ದರೆ ಆ ಹೊತ್ತಿಗೆ ಹಲ್ಲುಗಳು ಸೆನ್ಸರ್ ಮುಂದೆ ಒಂದು ಕೂದಲೆಳೆ ತಡವಾಗಿ ಹಾಯ್ದುಹೋಗುತ್ತವೆ. ಆ ತಡವನ್ನು ಅಳೆದು ಲೆಕ್ಕ ಹಾಕುತ್ತೆ. ಅಂದಮೇಲೆ ಕೋಡ್ ಹೇಳೋದು ಯಾವ ಮನೆ ಅಂತ ಮಾತ್ರ. ಆ ಮನೆಯಲ್ಲಿ ಯಾರದ್ದು ತಪ್ಪು ಅನ್ನೋದು ಅದಕ್ಕೂ ಗೊತ್ತಿಲ್ಲ. ಸ್ಕ್ಯಾನರ್ ಮೂರನೇ ಸಿಲಿಂಡರ್ ಅಂತು, ಮೂರನೇ ಇಂಜೆಕ್ಟರ್ (ಕಂಪ್ಯೂಟರ್ ಹೇಳಿದಂತೆ ಇಂಧನ ಸಿಂಪಡಿಸುವ ನಾಝಲ್) ತರಿಸಿದೆವು ಅನ್ನೋದು ಅರ್ಧ ಕೆಲಸ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ಎಗರಿ ಎಗರಿ ಕ್ರ್ಯಾಂಕ್‌ಗೆ ಏಟು ಬಿದ್ದರೂ ಕೆಲವು ಗಾಡಿಗಳು ಮಿಸ್ಸಿಂಗ್ ಅಂತ ಬರೆದುಕೊಳ್ಳೋದುಂಟು. ನಮ್ಮ ಕಡೆ ರಸ್ತೆಗೆ ಅದನ್ನೂ ಲೆಕ್ಕದಲ್ಲಿಡಬೇಕು.

ಸ್ಕ್ಯಾನರ್ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ದೆವು? ಪಿ.ಬಿ. ರಸ್ತೆಯ ಹಳೇ ಗ್ಯಾರೇಜುಗಳಲ್ಲಿ ಕೆಲಸ ಕಲಿತವರಿಗೆಲ್ಲ ಇದು ಗೊತ್ತು. ಇಂಜಿನ್ ಓಡುವಾಗಲೇ ನಾಝಲ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸೋದು. ಯಾವುದನ್ನು ಸಡಿಲಿಸಿದರೆ ಇಂಜಿನ್ ಸದ್ದು ಬದಲಾಗಲ್ಲವೋ ಅದೇ ಸತ್ತ ಸಿಲಿಂಡರ್. ಬಹಳ ಒಳ್ಳೆ ಉಪಾಯ. ಹಳೇ ಪಂಪು-ನಾಝಲ್ ಗಾಡಿಗೆ ಇವತ್ತಿಗೂ ನಡೆಯುತ್ತೆ.

ಕಾಮನ್ ರೈಲ್ ಗಾಡಿಗೆ, ಅಂದರೆ ಭಾರಿ ಒತ್ತಡದ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹೋಗುವ ಈಗಿನ ಗಾಡಿಗೆ, ಇದನ್ನು ಮಾಡಲೇಬಾರದು. ಇದನ್ನು ಎರಡು ಸಲ ಹೇಳ್ತೀನಿ, ಯಾಕಂದರೆ ಕೈಗೆ ಹಳೇ ಅಭ್ಯಾಸ ಇರುತ್ತೆ. ಕಾಮನ್ ರೈಲ್‌ನಲ್ಲಿ ಇಂಜಿನ್ ಓಡುವಾಗ ಹೈ ಪ್ರೆಷರ್ ಪೈಪಿನ ನಟ್ಟು ಮುಟ್ಟಬೇಡಿ. ಸ್ಲೋದಲ್ಲೇ ಅಲ್ಲಿ 250-300 ಬಾರ್ ಒತ್ತಡ ಇರುತ್ತೆ, ಲೋಡಿಗೆ 1500-1600 ಬಾರ್‌ವರೆಗೂ ಹೋಗುತ್ತೆ. ನಿಮ್ಮ ಪಿಕಪ್ ಟೈರಿನಲ್ಲಿರೋದು ನಾಲ್ಕೈದು ಬಾರ್. ಆ ಒತ್ತಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿಯಿಂದ ಬರುವ ಡೀಸೆಲ್ ಗ್ಲೌಸು, ಚರ್ಮ ಎರಡನ್ನೂ ತೂರಿ ಮಾಂಸದೊಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟೊಂದಿಲ್ಲ. ಒಳಗೆ ಮಾತ್ರ ಅಂಗಾಂಶ ಸಾಯೋಕೆ ಶುರುವಾಗಿರುತ್ತೆ. ಅರಿಶಿನ ಹಚ್ಚಿಕೊಂಡು ಮನೆಗೆ ಹೋಗಿ ಮಲಗಿದರೆ ಬೆರಳೋ ಕೈಯೋ ಕತ್ತರಿಸಬೇಕಾದ ಸ್ಥಿತಿ ಬರುತ್ತೆ. ಹಾಗೇನಾದರೂ ಆದರೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ, 'ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ' ಅಂತ ಬಾಯಿಬಿಟ್ಟು ಹೇಳಿ. ಲೀಕ್ ಹುಡುಕೋಕೆ ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಇಂಜಿನ್ ಆಫ್ ಮಾಡಿದ ಮೇಲೂ ಒತ್ತಡ ಇಳಿಯಲು ಕೆಲವು ನಿಮಿಷ ಬಿಡಿ.

"ಹಂಗಾದ್ರೆ ಸಿಲಿಂಡರ್ ಕಟ್ ಮಾಡೋದು ಹೆಂಗೆ ಸಾರ್?" ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ಒಳ್ಳೆ ಸ್ಕ್ಯಾನರ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಬಂದ್ ಮಾಡುವ ಪರೀಕ್ಷೆ ಇರುತ್ತೆ, ಅದೇ ಸರಿಯಾದ ದಾರಿ. ಅದಿಲ್ಲದಿದ್ದರೆ ಇಂಜಿನ್ ಆಫ್ ಮಾಡಿ, ಒಂದು ಇಂಜೆಕ್ಟರ್‌ನ ಕಪ್ಲರ್ (ವೈರ್ ಸಿಕ್ಕಿಸುವ ಜೋಡಣೆ) ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ ಕೇಳಿ. ಮತ್ತೆ ಆಫ್ ಮಾಡಿ ಮುಂದಿನದು. ಓಡುವ ಇಂಜಿನ್‌ನಲ್ಲಿ ಕಪ್ಲರ್ ಕೀಳೋದು ಬೇಡ, ಇಂಜೆಕ್ಟರ್‌ಗೆ ಹೋಗುವ ವೋಲ್ಟೇಜ್ ಬ್ಯಾಟರಿಯ 12 ವೋಲ್ಟ್ ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಕೆಲಸ ಮುಗಿದ ಮೇಲೆ ನೀವೇ ಹುಟ್ಟಿಸಿದ ಕೋಡುಗಳನ್ನು ಅಳಿಸೋದು ಮರೆಯಬೇಡಿ.

ಸಿಲಿಂಡರ್ ಸಿಕ್ಕಿತು. ಡೀಸೆಲ್ ಗಾಡಿಯಲ್ಲಿ ಮುಂದಿನ ಹೆಜ್ಜೆ ರಿಟರ್ನ್, ಅಂದರೆ ಇಂಜೆಕ್ಟರ್‌ನಿಂದ ವಾಪಸ್ ಹೋಗುವ ಡೀಸೆಲ್, ಎಷ್ಟಿದೆ ಅಂತ ನೋಡೋದು. ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೊಂದಕ್ಕೂ ಒಳಗೆ ಕಾಣುವ ಪೈಪ್ ಹಾಕಿ, ಒಂದೇ ಅಳತೆಯ ನಾಲ್ಕು ನೀರಿನ ಬಾಟಲಿಗೆ ಇಳಿಬಿಡಿ. ಗಾಡಿ ಕಡೆ ಹೋಗುವ ರಿಟರ್ನ್ ಪೈಪಿನ ಬಾಯಿ ಮುಚ್ಚಿ. ಸ್ವಲ್ಪ ಹೊತ್ತು ಸ್ಲೋದಲ್ಲಿ ಓಡಿಸಿ. ಮೂರು ಬಾಟಲಿಯಲ್ಲಿ ಎರಡು ಬೆರಳು ಡೀಸೆಲ್, ಒಂದರಲ್ಲಿ ಅರ್ಧ ಬಾಟಲಿ ಬಂದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ, ಒತ್ತಡವನ್ನು ಹಿಂದಕ್ಕೆ ಬಿಡುತ್ತಿದೆ. ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಪರೀಕ್ಷೆ ಮಾಡಿ. ನಾಲ್ಕರಲ್ಲಿ ಒಂದೇ ಕೆಟ್ಟಿದೆ ಅಂತ ಅವರ ಕಣ್ಣಿಗೇ ಕಾಣುತ್ತೆ, ಆಮೇಲೆ ದುಡ್ಡಿನ ಮಾತು ಸಲೀಸು.

ಇಂಜೆಕ್ಟರ್ ಬಿಚ್ಚಿದವರು ಎರಡು ಕಡೆ ಉಳಿತಾಯ ಮಾಡಿ ಕೆಡಿಸ್ತಾರೆ. ಒಂದು, ತಳದ ತಾಮ್ರದ ವಾಷರ್. ಹಳೇದನ್ನೇ ಉಜ್ಜಿ ಹಾಕೋದು. ಅದು ಒಂದು ಸಲ ಒತ್ತಿ ಕೂರಲು ಮಾಡಿದ್ದು, ಎರಡನೇ ಸಲ ಸರಿಯಾಗಿ ಕೂರಲ್ಲ. ಸಿಲಿಂಡರ್ ಒಳಗಿನ ಬೆಂಕಿಗಾಳಿ ಸಂದಿಯಿಂದ ಮೇಲೆ ಬರುತ್ತೆ, ಬಾನೆಟ್ ತೆಗೆದರೆ ಚಫ್ ಚಫ್ ಅಂತ ಕೇಳುತ್ತೆ, ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ ಕಟ್ಟುತ್ತೆ. ಆಮೇಲೆ ಆ ಇಂಜೆಕ್ಟರ್ ಕೀಳೋಕೆ ದಿನಗಟ್ಟಲೆ ಒದ್ದಾಟ. ವಾಷರ್ ಹೊಸದಿರಲಿ, ಕೂರುವ ಜಾಗ ಸ್ವಚ್ಛ ಇರಲಿ, ಬೋಲ್ಟು ಪುಸ್ತಕ ಹೇಳಿದ ಟಾರ್ಕ್‌ಗೇ ಇರಲಿ, ಅಂದಾಜು ಬೇಡ. ಇನ್ನೊಂದು, ಇಂಜೆಕ್ಟರ್ ತಲೆ ಮೇಲೆ ಅಕ್ಷರ-ಅಂಕಿಗಳ ಕೋಡ್ ಇರುತ್ತೆ. ಎರಡು ಇಂಜೆಕ್ಟರ್ ಒಂದೇ ಸಮ ಇರಲ್ಲ, ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿ ಅದರ ಸಣ್ಣ ವ್ಯತ್ಯಾಸವನ್ನು ಆ ಕೋಡ್‌ನಲ್ಲಿ ಬರೆದಿರ್ತಾರೆ. ಹೊಸದು ಹಾಕಿದರೆ ಆ ಕೋಡನ್ನು ಗಾಡಿಯ ಕಂಪ್ಯೂಟರ್‌ಗೆ ಬರೆಯಬೇಕು. ಹಳೇ ಕೋಡ್ ಇಟ್ಟುಕೊಂಡೇ ಓಡಿಸಿದರೆ ಹೊಸ ಇಂಜೆಕ್ಟರ್ ಹಾಕಿಯೂ ಸ್ಲೋದಲ್ಲಿ ಕುಲುಕುತ್ತೆ, ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ ಆಗುತ್ತೆ.

ಪೆಟ್ರೋಲ್, ಸಿಎನ್‌ಜಿ ಗಾಡಿಗಳಿಗೆ ಬರೋಣ. ಇಲ್ಲಿ ಕೆಲಸ ಇನ್ನೂ ಅಗ್ಗ, ಯಾಕಂದರೆ ಅದಲು ಬದಲು ಮಾಡಿ ನೋಡಬಹುದು. ಪಿ0302 ಬಂದಿದೆ ಅಂದುಕೊಳ್ಳಿ. ಎರಡನೇ ಸಿಲಿಂಡರ್ ಕಾಯಿಲನ್ನು ಮೂರಕ್ಕೆ ಹಾಕಿ, ಮೂರರದ್ದನ್ನು ಎರಡಕ್ಕೆ. ಕೋಡ್ ಅಳಿಸಿ ಒಂದು ರೌಂಡ್ ಓಡಿಸಿ ಬನ್ನಿ. ಪಿ0303 ಬಂತಾ? ಮಿಸ್ಸಿಂಗ್ ಕಾಯಿಲ್ ಹಿಂದೆ ಹೋಯಿತು, ಕಾಯಿಲ್ ತರಿಸಿ. ಪಿ0302 ಅಲ್ಲೇ ಕೂತಿದೆಯಾ? ಈಗ ಪ್ಲಗ್ ಅದಲು ಬದಲು ಮಾಡಿ. ಅದಕ್ಕೂ ಅಲ್ಲೇ ಇದ್ದರೆ ಇಂಜೆಕ್ಟರ್, ವೈರಿಂಗ್, ಆಮೇಲೆ ಕಂಪ್ರೆಷನ್. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಮೂರೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಪ್ಲಗ್ ಬಿಚ್ಚಿದಾಗ ಅದರ ಮುಖ ನೋಡಿ. ತಿಳಿ ಕಂದು ಇದ್ದರೆ ಸಿಲಿಂಡರ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ. ಆಯಿಲ್ ಜಿಡ್ಡಿದ್ದರೆ ರಿಂಗೋ ವಾಲ್ವ್ ಸೀಲೋ ಹೋಗಿದೆ. ಬಿಳಿಚಿಕೊಂಡಿದ್ದರೆ ಬಿಸಿ ಜಾಸ್ತಿ, ಪೆಟ್ರೋಲ್ ಸಾಲುತ್ತಿಲ್ಲ. ಬಿಳಿ ಪಿಂಗಾಣಿ ಮೇಲೆ ಉದ್ದಕ್ಕೆ ಪೆನ್ಸಿಲ್‌ನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಇದೆಯಾ ಅಂತಲೂ ಬೆಳಕಿಗೆ ಹಿಡಿದು ನೋಡಿ. ಕಿಡಿ ತುದಿಗೆ ಹೋಗದೆ ಆ ಗೆರೆ ಮೇಲೆ ಹರಿದು ಅರ್ಥ್ ಆಗುತ್ತಿರುತ್ತೆ. ಅಂಥ ಪ್ಲಗ್ ಜೊತೆಗೆ ಕಾಯಿಲ್‌ನ ರಬ್ಬರ್ ಬೂಟನ್ನೂ ಬದಲಿಸಿ, ಇಲ್ಲಾಂದರೆ ಹೊಸ ಪ್ಲಗ್ ಮೇಲೂ ಅದೇ ಗೆರೆ ಎಳೆಯುತ್ತೆ.

ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಕಿಡಿ ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಹೊರಗಿನ ಗಾಳಿಯಲ್ಲಿ ನೀಲಿ ಕಿಡಿ ಹಾರಿತು ಅಂದ ಮಾತ್ರಕ್ಕೆ ಒಳಗೆ ಹಾರುತ್ತೆ ಅಂತಲ್ಲ. ಕಂಪ್ರೆಷನ್‌ನಲ್ಲಿ ಒತ್ತಿದ ಗಾಳಿಯನ್ನು ದಾಟಲು ಕಿಡಿಗೆ ಎಷ್ಟೋ ಹೆಚ್ಚು ವೋಲ್ಟೇಜ್ ಬೇಕು. ಏರಿನಲ್ಲಿ, ಲೋಡಿಗೆ ಮಾತ್ರ ಮಿಸ್ ಆಗೋದು ಇದೇ ಕಾರಣಕ್ಕೆ. ಈಗಿನ ಗಾಡಿಗಳಲ್ಲಿ ಹಾಗೆ ನೋಡಲು ಹೋಗಿ ಅರ್ಥ್ ಸರಿಯಾಗಿ ಸಿಗದಿದ್ದರೆ ಕಾಯಿಲ್, ಕಂಪ್ಯೂಟರ್ ಎರಡಕ್ಕೂ ಅಪಾಯ.

ಸಿಎನ್‌ಜಿ ಗಾಡಿಯವರಿಗೆ ದೇವರು ಕೊಟ್ಟ ಪರೀಕ್ಷೆ ಒಂದಿದೆ, ಆ ಸ್ವಿಚ್ಚು. ಗ್ಯಾಸ್‌ನಲ್ಲಿ ಮಿಸ್ ಹೊಡೆಯುತ್ತಿದ್ದರೆ ಪೆಟ್ರೋಲ್‌ಗೆ ಹಾಕಿ ಓಡಿಸಿ ನೋಡಿ. ಎರಡರಲ್ಲೂ ಒಂದೇ ಥರ ಮಿಸ್ ಆದರೆ ಕಿಡಿ ಅಥವಾ ಕಂಪ್ರೆಷನ್. ಪೆಟ್ರೋಲ್‌ನಲ್ಲಿ ಮಾತ್ರ ಮಿಸ್ ಆದರೆ ಪೆಟ್ರೋಲ್ ಇಂಜೆಕ್ಟರ್, ಪಂಪು; ಯಾವಾಗಲೂ ಗ್ಯಾಸ್‌ನಲ್ಲೇ ಓಡಿಸಿ ಪೆಟ್ರೋಲ್ ಹಳಸಿರುವ ಗಾಡಿಗಳಲ್ಲಿ ಇದು ಸಾಮಾನ್ಯ. ಗ್ಯಾಸ್‌ನಲ್ಲಿ ಮಾತ್ರ ಮಿಸ್ ಆದರೆ ಗ್ಯಾಸ್ ಕಿಟ್ ಮೇಲೆ ಕೈ ಇಡುವ ಮುಂಚೆ ಪ್ಲಗ್ ನೋಡಿ. ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಸವೆದು ಗ್ಯಾಪ್ ಅಗಲವಾದ ಪ್ಲಗ್ ಮೊದಲು ಕೈಕೊಡೋದು ಗ್ಯಾಸ್‌ನಲ್ಲೇ. ವಾಲ್ವ್ ಮಾತೂ ಇಲ್ಲೇ ಹೇಳಿಬಿಡ್ತೀನಿ. ಗ್ಯಾಸ್ ಒಣ ಇಂಧನ. ವರ್ಷಗಟ್ಟಲೆ ಓಡಿದ ಮೇಲೆ ವಾಲ್ವ್ ಸೀಟು ಸವೆದು ವಾಲ್ವ್ ಮೇಲಕ್ಕೆ ಏರಿ ಟ್ಯಾಪೆಟ್ ಗ್ಯಾಪ್ ಕಡಿಮೆ ಆಗುತ್ತಾ ಬರುತ್ತೆ. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಲ್ಲ, ಸ್ಲೋದಲ್ಲಿ ಮಿಸ್. ಟ್ಯಾಪೆಟ್ ಸದ್ದು ಇಲ್ಲವಲ್ಲ, ಇಂಜಿನ್ ಎಷ್ಟು ಚೆನ್ನಾಗಿದೆ ಅಂತ ಖುಷಿಪಡುವ ಗಾಡಿಯಲ್ಲೇ ಇದು ಸಿಗೋದು.

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದಲ್ಲೂ ಸಿಗುತ್ತೆ. ನಮ್ಮ ಊರಿನದ್ದೇ ಆದ ಕಾರಣ ಒಂದಿದೆ, ಇಲಿ. ಮಂಡಕ್ಕಿ ಭಟ್ಟಿ ಪಕ್ಕ, ಮೆಕ್ಕೆಜೋಳದ ಗೋಡೌನ್ ಪಕ್ಕ ರಾತ್ರಿ ನಿಲ್ಲುವ ಗಾಡಿಗಳಿಗೆ ಇದು ತಪ್ಪಿದ್ದಲ್ಲ. ಬಾನೆಟ್ ಕೆಳಗೆ ಬೆಚ್ಚಗಿರುತ್ತೆ, ಲೋಡ್ ತುಂಬುವ ಡಾಲಾ ತುಂಬ ಉದುರಿದ ಕಾಳಿರುತ್ತೆ.

ಮಂಡಕ್ಕಿ ಹೊಡೆಯುವ ಒಂದು ಡೀಸೆಲ್ ಪಿಕಪ್ ಬಂದಿತ್ತು. ಸ್ಲೋದಲ್ಲಿ ಚೆನ್ನಾಗಿತ್ತು. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ಚೆನ್ನಾಗಿತ್ತು. ಎರಡನೇ ಗೇರಿನಲ್ಲಿ ಗಾಡಿ ಎತ್ತುವಾಗ ಮಾತ್ರ ಒಂದು ಸಿಲಿಂಡರ್ ಸಾಯುತ್ತಿತ್ತು, ಸ್ಪೀಡ್ ಹಿಡಿದ ಮೇಲೆ ಮತ್ತೆ ಸರಿ. ಬೇರೆ ಕಡೆ ಮೂರನೇ ಇಂಜೆಕ್ಟರ್ ಆಗಲೇ ಹೊಸದಾಗಿತ್ತು. ಸ್ಕ್ಯಾನರ್ ಹಾಕಿದಾಗ ಪಿ0303 ಜೊತೆ ಪಿ0203 ಕೂಡ ಇತ್ತು. ನೋಡೋಕೆ ಒಂದೇ ಅಂಕಿ ವ್ಯತ್ಯಾಸ. ಪಿ0303 ಅಂದರೆ ಮೂರನೆಯದು ಮಿಸ್, ಪಿ0203 ಅಂದರೆ ಮೂರನೇ ಇಂಜೆಕ್ಟರ್‌ನ ಕರೆಂಟ್ ದಾರಿಯಲ್ಲಿ ತೊಂದರೆ. ಎರಡನೆಯದನ್ನು ಓದಿದ್ದರೆ ಇಂಜೆಕ್ಟರ್ ಖರ್ಚೇ ಇರುತ್ತಿರಲಿಲ್ಲ. ವೈರಿಂಗ್ ಮೇಲಿನಿಂದ ನೋಡಿದರೆ ಏನೂ ಕಾಣಲ್ಲ. ಗಾಡಿ ಎತ್ತುವಾಗ ಇಂಜಿನ್ ಮೌಂಟಿಂಗ್ ಮೇಲೆ ಒಂದು ಪಕ್ಕಕ್ಕೆ ಹೊರಳುತ್ತೆ, ಆ ಹೊತ್ತಿಗೆ ವೈರಿಂಗ್ ಎಳೆಯುತ್ತೆ ಅನ್ನೋದು ನಮ್ಮ ಅನುಮಾನ. ಸ್ಲೋದಲ್ಲಿಟ್ಟು, ಬ್ಯಾಟರಿ ಕಡೆಯಿಂದ ಶುರುಮಾಡಿ, ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಬಂದೆವು. ಇಂಜಿನ್ ಹಿಂಭಾಗದಲ್ಲಿ, ಕಟ್ಟು ಬ್ರಾಕೆಟ್ ಮೇಲೆ ಬಾಗುವ ಜಾಗದಲ್ಲಿ ಬೆರಳಿಟ್ಟು ಎಳೆದಾಗ ಇಂಜಿನ್ ಕೆಮ್ಮಿತು. ಏಣು ಏಣಿನ ಕಪ್ಪು ಪೈಪು ಬಿಡಿಸಿದರೆ ಒಳಗೆ ಇಲಿ ಹಲ್ಲಿನ ಗುರುತು, ಒಂದು ವೈರಿನ ಮೇಲುಹೊದಿಕೆ ಪೂರಾ ಹೋಗಿ ತಾಮ್ರದ ಎಳೆ ಎರಡೋ ಮೂರೋ ಉಳಿದಿದ್ದವು. ಎಳೆ ಕೂಡಿದಾಗ ಕೆಲಸ, ಜಗ್ಗಿದಾಗ ಬಂದ್. ಹಸಿರು ಕಿಲುಬು ಹಿಡಿದಷ್ಟು ಭಾಗ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ, ಎಳೆತ ಬೀಳದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆವು. ಬರೀ ತಿರುಚಿ ಕಪ್ಪು ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟು ಕರಗಿ ಒಂದೇ ಮಳೆಗಾಲದಲ್ಲಿ ಮತ್ತೆ ವಾಪಸ್ ಬರುತ್ತೆ. ಗಾಡಿ ಸಾವ್ಕಾರ್ರು ಬಿಲ್ಲು ನೋಡಿ, "ಇಷ್ಟೇನಾ? ಮತ್ತೆ ಆ ಇಂಜೆಕ್ಟರ್?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕಂಪ್ರೆಷನ್ ಪರೀಕ್ಷೆ ಬಗ್ಗೆ ಹೆಚ್ಚು ಹೇಳಲ್ಲ. ಮೇಲಿನದೆಲ್ಲ ಮುಗಿದ ಮೇಲೆ ಮಾಡಿ. ನಾಲ್ಕು ಸಿಲಿಂಡರ್ ನಡುವಿನ ವ್ಯತ್ಯಾಸ ಮುಖ್ಯ, ಒಂದು ಮಾತ್ರ ಬಹಳ ಕೆಳಗಿದ್ದರೆ ಅಲ್ಲಿದೆ ರೋಗ. ಪೆಟ್ರೋಲ್ ಇಂಜಿನ್‌ನಲ್ಲಿ ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವೆ ಗ್ಯಾಸ್ಕೆಟ್ ಹಾರಿದೆ. ಇದನ್ನು ನೋಡದೆ ಹೆಡ್ ಬಿಚ್ಚೋಣ ಅಂದವರ ಕೈಗೆ ಗಾಡಿ ಕೀ ಕೊಡಬೇಡಿ.

ಕೊನೆಯಲ್ಲಿ ಚನ್ನಗಿರಿ ಕಡೆಯಿಂದ ಅಡಿಕೆ ತರುವ ಡ್ರೈವರ್ ಒಬ್ಬರು ಎದ್ದು ನಿಂತು ಕೇಳಿದರು: "ದಾರೀಲಿ ಮಿಸ್ಸಿಂಗ್ ಶುರು ಆತು ಅನ್ರಿ, ಲೋಡ್ ಇಳಿಸಿ ಬರಬಹುದೋ, ಅಲ್ಲೇ ನಿಲ್ಲಬೇಕೋ?"

ಮೀಟರ್‌ನಲ್ಲಿ ಇಂಜಿನ್ ಲೈಟ್ ನೋಡಿ. ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಓಡಿಸಬಹುದು. ಪೆಟ್ರೋಲ್ ಗಾಡಿಯಲ್ಲಿ ಅದು ಮಿಣುಕುತ್ತಿದ್ದರೆ ಆಗಲೇ ರೇಸ್ ಕಡಿಮೆ ಮಾಡಿ, ಮಿಣುಕು ನಿಲ್ಲದಿದ್ದರೆ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತೆ, ಅದು ಕೆಂಡದಂತೆ ಕಾಯುತ್ತೆ, ಒಳಗಿನ ಜೇನುಗೂಡು ಕರಗುತ್ತೆ. ಪ್ಲಗ್ಗಿನ ಬೆಲೆಗೆ ಮುಗಿಯುವ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತೆ. ಹಾಗೆ ಕಾದ ಗಾಡಿಯನ್ನು ಕಣದಲ್ಲಿ, ಒಣಗಿದ ಮೆಕ್ಕೆಜೋಳದ ಸಿಪ್ಪೆ ಮೇಲೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಗೂ ಉರಿಯದ ಡೀಸೆಲ್ ಒಳ್ಳೆಯದಲ್ಲ. ಕೂಲೆಂಟ್ ಬಿಸಿ ಏರುತ್ತಿದ್ದರೆ, ಲೋಹ ಬಡಿಯುವ ಸದ್ದು ಬಂದರೆ ಬೇರೆ ಮಾತೇ ಇಲ್ಲ, ಅಲ್ಲೇ ಆಫ್.

ಲೋಡ್ ಇಳಿಸದೆ ಗತ್ಯಂತರವೇ ಇಲ್ಲ ಅನ್ನುವ ಹಾಗಿದ್ದು, ಪೆಟ್ರೋಲ್‌ನಲ್ಲಿ ಓಡುತ್ತಿದ್ದು, ಯಾವ ಸಿಲಿಂಡರ್ ಅಂತ ಖಚಿತವಾಗಿ ಗೊತ್ತಿದ್ದರೆ, ಇಂಜಿನ್ ಆಫ್ ಮಾಡಿ ಆ ಒಂದು ಪೆಟ್ರೋಲ್ ಇಂಜೆಕ್ಟರ್‌ನ ಕಪ್ಲರ್ ತೆಗೆದಿಡಬಹುದು. ಆ ಸಿಲಿಂಡರ್‌ಗೆ ಪೆಟ್ರೋಲ್ ಬೀಳಲ್ಲ, ಕನ್ವರ್ಟರ್ ಉಳಿಯುತ್ತೆ. ಕುಲುಕಾಟ ಇದ್ದೇ ಇರುತ್ತೆ, ಏರಿಗೆ ಒತ್ತಬೇಡಿ, ಹತ್ತಿರದ ಗ್ಯಾರೇಜ್‌ವರೆಗೆ ಮಾತ್ರ. ಅಲ್ಲಿಗೆ ಹೋದ ತಕ್ಷಣ ಯಾವ ಕಪ್ಲರ್ ತೆಗೆದಿದ್ದೀರಿ ಅಂತ ಹೇಳಿಬಿಡಿ. ಇಲ್ಲಾಂದರೆ ನೀವು ತೆಗೆದದ್ದನ್ನೇ ಹುಡುಕುತ್ತಾ ನಾವು ಮಧ್ಯಾಹ್ನ ಕಳೀತೀವಿ, ಅದಕ್ಕೂ ಬಿಲ್ಲು ಹಾಕ್ತೀವಿ.